ಶಾಲೆಯ ಅಚ್ಚುಮೊಳೆ ಮತ್ತು ದೂರದ ಓದುಗ

ವಿದ್ಯಾರ್ಥಿಯ ಬರಹವನ್ನು ಉಪಾಧ್ಯಾಯನೊಬ್ಬನೇ ಓದಿ, ಕೆಂಪು ಮಸಿಯಿಂದ ತಿದ್ದಿ, ಹಿಂದಿರುಗಿಸುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಆ ಬರಹವನ್ನು ತರಗತಿಯ ಹೊರಗಿನ ಓದುಗರ ಮುಂದೆ ಇಡಬೇಕೆಂಬ ವಿಚಾರವು ಅಂತರ್ಜಾಲದ ಬ್ಲಾಗುಗಳೊಡನೆ ಹುಟ್ಟಿತೆಂದು ಅನೇಕರು ಭಾವಿಸಿರುವಂತೆ ತೋರುತ್ತದೆ. ವಸ್ತುಸ್ಥಿತಿ ಹಾಗಿಲ್ಲ. ಸೀಸದ ಮೊಳೆ, ಮಸಿ, ಅಂಚೆ ಇವುಗಳ ನೆರವಿನಿಂದಲೇ ಫ್ರಾನ್ಸ್ ದೇಶದ ಹಳ್ಳಿಯ ಉಪಾಧ್ಯಾಯನೊಬ್ಬನು 1924ರಿಂದ ಈ ಕಾರ್ಯವನ್ನು ನಡೆಸಿದನು. ಅದರ ಫಲವನ್ನು ಕಂಡನು, ಬೆಲೆಯನ್ನೂ ತೆತ್ತನು. ಆ ವೃತ್ತಾಂತವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಸೆಲೆಸ್ತ್ಯಾಂ ಫ್ರೆನೆ ಹುಟ್ಟಿದ್ದು 1896ರಲ್ಲಿ, ಆಲ್ಪ್-ಮಾರಿತೀಮ್ ಪ್ರಾಂತದ ಗಾರ್ ಎಂಬ ಬೆಟ್ಟದ ಹಳ್ಳಿಯಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ, 1917ರಲ್ಲಿ, ಶ್ವಾಸಕೋಶಕ್ಕೆ ಗುಂಡು ತಗುಲಿತು. 1920ರಲ್ಲಿ ಬಾರ್-ಸ್ಯೂರ್-ಲೂ ಎಂಬ ಊರಿನ ಶಾಲೆಗೆ ಬಂದಾಗ, ದೀರ್ಘಕಾಲ ಗಟ್ಟಿಯಾಗಿ ಪಾಠ ಹೇಳುವ ಶಕ್ತಿ ಆತನಲ್ಲಿ ಉಳಿದಿರಲಿಲ್ಲ. ಉಪಾಧ್ಯಾಯನ ಕಂಠವನ್ನು ಅವಲಂಬಿಸದ ಬೋಧನಕ್ರಮವೊಂದು ಆತನಿಗೆ ಜೀವನದ ಅಗತ್ಯವೇ ಆಗಿದ್ದಿತು. ಶಾಲೆಯಲ್ಲಿ ಅಚ್ಚುಕೂಟವಿರುವುದು ಅಪೂರ್ವವೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪೋಲ್ ರೋಬ್ಯಾಂ ನಡೆಸಿದ ಸಾಂಪ್ವಿಯ ಅನಾಥಾಲಯದಲ್ಲಿಯೂ, ಬೆಲ್ಜಿಯಂನಲ್ಲಿ ಡೆಕ್ರೋಲಿಯ ಶಾಲೆಯಲ್ಲಿಯೂ ಅದಿದ್ದಿತು. ಫ್ರೆನೆ 1924ರಲ್ಲಿ ತಂದ ಪುಟ್ಟ ಕೈಯಂತ್ರದ ವಿಶೇಷವೆಂದರೆ, ಅದು ಕಸುಬು ಕಲಿಸುವ ಸಾಧನವಾಗಲಿಲ್ಲ, ಶಾಲೆಯ ಅಲಂಕಾರವೂ ಆಗಲಿಲ್ಲ, ಅದೇ ಪಾಠವಾಯಿತು.

ಕ್ರಮವು ಹೀಗಿದ್ದಿತು. ಮಕ್ಕಳು ತಮಗೆ ತೋಚಿದ್ದನ್ನು ಬರೆದು ತರುವರು: ಮನೆಯ ಕೆಲಸ, ಕಂಡ ಪ್ರಾಣಿ, ಬಿದ್ದ ಕನಸು. ಬರೆದವನು ಎದ್ದುನಿಂತು ಓದುವನು. ತರಗತಿಯು ಕೈಯೆತ್ತಿ ಒಂದನ್ನು ಆರಿಸುವುದು. ಆಯ್ದ ಬರಹವು ಕಪ್ಪುಹಲಗೆಗೆ ಏರಿದ ಮೇಲೆ ಎಲ್ಲರೂ ಸೇರಿ ತಿದ್ದುವರು. ಅನಂತರ ಮೊಳೆ ಜೋಡಣೆ. ಒಬ್ಬೊಬ್ಬರಿಗೆ ಕೆಲವೇ ಸಾಲು. ಮೊಳೆಯಲ್ಲಿ ಅಕ್ಷರ ಕನ್ನಡಿಯ ಬಿಂಬದಂತೆ ತಿರುಗಿರುವುದರಿಂದ ಕಣ್ಣುಗಳು ಒಂದೊಂದು ಅಕ್ಷರದ ಮೇಲೂ ತಡೆದು ನಿಲ್ಲಲೇಬೇಕು. ಕಾಗುಣಿತದ ತಪ್ಪು ಇಲ್ಲಿ ಗುರುಗಳ ಅಸಮಾಧಾನಕ್ಕೆ ಕಾರಣವಾದ ದೋಷವಲ್ಲ; ಕೈಯಿಂದ ಕಿತ್ತು ಬೇರೆ ಮೊಳೆಯಿಡಬೇಕಾದ ವಸ್ತು. ಅಚ್ಚಾದ ಹಾಳೆಗಳನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಕೂಡಿಸಿಟ್ಟುಕೊಂಡು ತನ್ನದೇ ಪುಸ್ತಕ ಮಾಡಿಕೊಳ್ಳುವನು. ನಮ್ಮ ಶಾಲೆಗಳ ಕೈಬರಹದ ಪತ್ರಿಕೆಗಳನ್ನು ಬಲ್ಲವರಿಗೆ ಈ ಉತ್ಸಾಹ ಅಪರಿಚಿತವಲ್ಲ. ಆದರೆ ಆ ಪತ್ರಿಕೆಯು ಸಾಮಾನ್ಯವಾಗಿ ವಾರ್ಷಿಕೋತ್ಸವದ ದಿನ ಮೇಜಿನ ಮೇಲೆ ಕುಳಿತು, ಮರುದಿನ ಬೀರುವನ್ನು ಸೇರುತ್ತದೆ.

ಫ್ರೆನೆಯ ಹಾಳೆಗಳು ಬೀರುವನ್ನು ಸೇರಲಿಲ್ಲ, ಅಂಚೆಯನ್ನು ಸೇರಿದುವು. 1926ರಲ್ಲಿ ದೇಶದ ಇನ್ನೊಂದು ಅಂಚಿನಲ್ಲಿ, ಬ್ರಿಟನಿಯ ಕಡಲತೀರದ ತ್ರೆಗಂ ಊರಿನಲ್ಲಿ, ರೆನೆ ದಾನಿಯೆಲ್ ಎಂಬ ಉಪಾಧ್ಯಾಯನ ತರಗತಿಯೊಡನೆ ಕ್ರಮಬದ್ಧ ವಿನಿಮಯ ಆರಂಭವಾಯಿತು. ಬಾರ್-ಸ್ಯೂರ್-ಲೂ ಕಿತ್ತಳೆಯ ಹೂವಿಗೂ ಆಲಿವ್ ಮರಗಳಿಗೂ ಹೆಸರಾದ ಸೀಮೆ. ಬ್ರಿಟನಿಯದು ಮೀನುಗಾರರ ನಾಡು. ತನ್ನ ಗುರುಗಳಿಗಾಗಿ ಬರೆಯುವ ಹುಡುಗನು ಹೂ ಕೊಯ್ಯುವುದನ್ನು ವಿವರಿಸಬೇಕಾಗಿಲ್ಲ, ಗುರುಗಳಿಗೆ ಅದು ಗೊತ್ತು. ಕಿತ್ತಳೆಯ ಮರವನ್ನೇ ಕಾಣದ ಮಗುವಿಗೆ ಬರೆಯುವಾಗ ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಬಿಡಬಹುದು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಕಡಲಿನ ಉಬ್ಬರವಿಳಿತಗಳನ್ನು ಬೆಟ್ಟದ ಮಕ್ಕಳಿಗೆ ತಿಳಿಸಬೇಕಾದ ಬ್ರಿಟನಿಯ ಮಕ್ಕಳಿಗೂ ಇದೇ ತೊಡಕು. ನಿಬಂಧ ರಚನೆಯ ನಿಯಮಗಳೆಂದು ನಾವು ಬೋಧಿಸುವುದರಲ್ಲಿ ಹೆಚ್ಚಿನ ಪಾಲು ಈ ಒಂದು ತೊಡಕಿನಿಂದಲೇ ಹುಟ್ಟತಕ್ಕದ್ದೆಂದು ನನ್ನ ಅಭಿಪ್ರಾಯ.

ಈ ಪದ್ಧತಿ ಬೇಗನೆ ಹರಡಿತು. 1927ರಲ್ಲಿ ಮಕ್ಕಳ ಬರಹಗಳದೇ ಪತ್ರಿಕೆಯಾದ ‘ಲಾ ಜೆರ್ಬ್’ ಹೊರಟಿತು. ಉಪಾಧ್ಯಾಯರ ಸಹಕಾರ ಸಂಘವೊಂದು ಸ್ಥಾಪಿತವಾಯಿತು. 1928ರಲ್ಲಿ ಫ್ರೆನೆ ಸ್ಯಾಂ ಪೋಲ್ ಎಂಬ ಊರಿನ ಶಾಲೆಗೆ ಹೋದನು.

ದೂರದ ಓದುಗನನ್ನು ಕರೆದವನು ಹತ್ತಿರದ ಓದುಗನನ್ನು ತಡೆಯಲಾರ. ಈ ಸತ್ಯವು ಪ್ರಕಟವಾದದ್ದು ಅಲ್ಲಿಯೇ. ಫ್ರೆನೆ ಕಮ್ಯೂನಿಸ್ಟ್ ಪಕ್ಷದವನು. ಶಾಲೆಯ ದುಃಸ್ಥಿತಿಯನ್ನು ಕುರಿತು ಪುರಸಭೆಯೊಡನೆ ಆತನಿಗೆ ವಿವಾದವಿದ್ದಿತು. ಈ ನಡುವೆ ಹುಡುಗನೊಬ್ಬನು ತನ್ನ ಕನಸನ್ನು ಬರೆದನು: ಶಾಲಾ ಸಾಮಗ್ರಿಯ ವೆಚ್ಚವನ್ನು ಕೊಡಲೊಲ್ಲದ ಮೇಯರನ ವಿರುದ್ಧ ಮಕ್ಕಳು ದಂಗೆಯೇಳುತ್ತಾರೆ, ಹುಡುಗನು ಚಾಕುವಿನಿಂದ ಆತನನ್ನು ಕೊಲ್ಲುತ್ತಾನೆ. ಅದು ಅಚ್ಚಾಯಿತು. 1932ರ ಡಿಸೆಂಬರಿನಲ್ಲಿ ಊರಿನ ಗೋಡೆಗಳ ಮೇಲೆ ಫ್ರೆನೆಯನ್ನು ನಿಂದಿಸುವ ಭಿತ್ತಿಪತ್ರಗಳು ಕಾಣಿಸಿಕೊಂಡುವು. ಅವುಗಳಲ್ಲಿ ಮಗುವಿನ ಕನಸೇ ಸಾಕ್ಷ್ಯ. ಶಾರ್ಲ್ ಮೋರಾಸನ ‘ಆಕ್ಸಿಯೋಂ ಫ್ರಾಂಸೇಜ್’ ಪತ್ರಿಕೆ ಅದನ್ನು ದೇಶದ ವಿಷಯವನ್ನಾಗಿ ಮಾಡಿತು. 1933ರ ಏಪ್ರಿಲ್ 24ರಂದು ಶಾಲೆಯ ಮುಂದೆ ಉದ್ರಿಕ್ತ ಗುಂಪು ಸೇರಿತು. ಕೆಲವೇ ವಾರಗಳಲ್ಲಿ ಆತನನ್ನು ಅಲ್ಲಿಂದ ವರ್ಗ ಮಾಡಲಾಯಿತು.

ಮಗುವಿನ ಬಾಯಿಂದ ಉಪಾಧ್ಯಾಯನೇ ಮಾತನಾಡಿದನೆಂದು ವಿರೋಧಿಗಳು ಹೇಳಿದರು; ಅದು ಮಗುವಿನ ಸ್ವತಂತ್ರ ಬರಹವೆಂದು ಆತನ ಬೆಂಬಲಿಗರು ಹೇಳಿದರು. ಎರಡೂ ವಾದಗಳು ಮೇಲೆ ವರ್ಣಿಸಿದ ಕ್ರಮಕ್ಕೆ ಪೂರ್ತಿಯಾಗಿ ಹೊಂದುವುದಿಲ್ಲ. ಅಚ್ಚಾಗುವ ಬರಹವನ್ನು ತರಗತಿಯು ಆರಿಸುತ್ತಿದ್ದಿತು, ಒಟ್ಟಾಗಿ ತಿದ್ದುತ್ತಿದ್ದಿತು, ಹಲವು ಕೈಗಳು ಮೊಳೆಯಲ್ಲಿ ಜೋಡಿಸುತ್ತಿದ್ದುವು. ಉಪಾಧ್ಯಾಯನು ಅಲ್ಲಿಯೇ ಇರುತ್ತಿದ್ದನು. ಕನಸು ಹುಡುಗನದು, ಪ್ರಕಟಣೆ ಶಾಲೆಯದು. ಬರೆಯುವ ಸ್ವಾತಂತ್ರ್ಯವನ್ನು ಕುರಿತು ಫ್ರೆನೆ ಯೋಚಿಸಿದಷ್ಟು ಪ್ರಕಟಣೆಯ ಹೊಣೆಯನ್ನು ಕುರಿತು ಯೋಚಿಸಲಿಲ್ಲವೇನೋ. ಆದರೂ ಹತ್ತು ಹನ್ನೆರಡು ವರ್ಷದ ಮಗುವಿನ ಕನಸನ್ನು ರಾಜಕೀಯದ ಆಯುಧ ಮಾಡಿಕೊಂಡವರ ನಡತೆ ಅದಕ್ಕಿಂತ ಎಷ್ಟೋ ಹೀನವಾದುದು. ಫ್ರೆನೆ ಸರ್ಕಾರಿ ಶಾಲೆಗೆ ಹಿಂದಿರುಗದೆ 1935ರಲ್ಲಿ ವಾಂಸ್ ಊರಿನ ಬಳಿ ಸ್ವಂತ ಶಾಲೆಯನ್ನು ತೆರೆದನು. 1966ರಲ್ಲಿ ಅಲ್ಲಿಯೇ ತೀರಿಕೊಂಡನು.

1999ರಲ್ಲಿ ‘ಬ್ಲಾಗರ್’ ಎಂಬ ಸೌಲಭ್ಯ ಹೊರಟ ಮೇಲೆ ಮುದ್ರಣದ ಶ್ರಮವಾಗಲಿ ವೆಚ್ಚವಾಗಲಿ ಉಳಿಯಲಿಲ್ಲ. ಉಪಾಧ್ಯಾಯರು ಅದನ್ನು ಬಹುಬೇಗ ತರಗತಿಗೆ ತಂದರು. ಅಮೆರಿಕದ ನ್ಯೂ ಜರ್ಸಿಯ ಶಾಲೆಯೊಂದರಲ್ಲಿ ವಿಲ್ ರಿಚರ್ಡ್‌ಸನ್ ಎಂಬುವರ ವಿದ್ಯಾರ್ಥಿಗಳು ಕಾದಂಬರಿಯೊಂದನ್ನು ಕುರಿತು ಬರೆದುದನ್ನು ಅದರ ಲೇಖಕಿ ಸೂ ಮಾಂಕ್ ಕಿಡ್ ಓದಿ ಉತ್ತರ ಕೊಟ್ಟರು. ಮೊಳೆ ಜೋಡಿಸುವ ಗಂಟೆಗಳಲ್ಲಿ ಒಂದು ಬರಹ ಹತ್ತು ಸಲ ಓದಲ್ಪಡುತ್ತಿದ್ದಿತು. ಗುಂಡಿಯೊತ್ತಿದೊಡನೆ ಪ್ರಕಟವಾಗುವ ಬರಹಕ್ಕೆ ಆ ವಿಳಂಬದ ರಕ್ಷಣೆಯಿಲ್ಲ. ಹತ್ತಿರದ ಓದುಗನ ಕೋಪವಂತೂ ಹಾಗೆಯೇ ಉಳಿದಿದೆ. 2012ರಲ್ಲಿ ಸ್ಕಾಟ್ಲೆಂಡಿನ ಒಂಬತ್ತು ವರ್ಷದ ಬಾಲಕಿಯೊಬ್ಬಳು ತಂದೆಯ ನೆರವಿನಿಂದ ತನ್ನ ಶಾಲೆಯ ಮಧ್ಯಾಹ್ನದ ಊಟವನ್ನು ಕುರಿತು ದಿನದಿನವೂ ಚಿತ್ರಸಹಿತ ಬರೆದು ಅಂಕ ಕೊಡುತ್ತಿದ್ದಳು. ಜೂನ್ 14ರಂದು ಸ್ಥಳೀಯ ಆಡಳಿತ ಮಂಡಲಿಯು ಊಟದ ಚಿತ್ರ ತೆಗೆಯಕೂಡದೆಂದು ನಿಷೇಧಿಸಿತು. ಲೋಕದ ನಾನಾ ಕಡೆಯ ಓದುಗರು ಪ್ರತಿಭಟಿಸಿದರು. ಮರುದಿನವೇ ಮಂಡಲಿಯು ನಿಷೇಧವನ್ನು ಹಿಂದೆಗೆದುಕೊಂಡಿತು.