ಓಟದ ಬೂಟು ನಡೆದು ಬಂದ ದಾರಿ

ಮುಲುಂಡಿನ ಅಂಗಡಿಗಳಲ್ಲಿ ಇಂದು ಓಟಕ್ಕೊಂದು, ನಡಿಗೆಗೊಂದು ಬೂಟು. 2004ರಲ್ಲಿ ಮುಂಬಯಿ ಮ್ಯಾರಥಾನ್ ಆರಂಭವಾದ ಮೇಲೆ ನಮ್ಮವರಲ್ಲೂ ಓಡುವವರು ಹೆಚ್ಚಿದ್ದಾರೆ. ಈ ಬೂಟಿನ ಚರಿತ್ರೆಯನ್ನು ತಿಳಿದರೆ ಕೊಳ್ಳುವುದು ಸುಲಭ.

ಹಸಿ ರಬ್ಬರು ಸೆಕೆಗೆ ಅಂಟುತ್ತದೆ, ಚಳಿಗೆ ಸೆಟೆಯುತ್ತದೆ. ಗಂಧಕ ಬೆರೆಸಿ ಕಾಯಿಸಿದರೆ ಈ ದೋಷ ನೀಗುವುದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. ಅನಂತರ ಕ್ಯಾನ್ವಾಸಿಗೆ ರಬ್ಬರಿನ ಅಟ್ಟೆ ಸೇರಿತು. 1930ರ ದಶಕದಲ್ಲಿ ಕಲ್ಕತ್ತೆಯ ಬಳಿ ಬಾಟಾನಗರ ತಲೆಯೆತ್ತಿತು. ಬಾಟಾದ ಬಿಳಿ ಕ್ಯಾನ್ವಾಸ್ ಬೂಟು ನಮ್ಮ ಶಾಲೆಗಳ ಡ್ರಿಲ್ಲಿನ ಗುರುತಾಯಿತು. 1971ರಲ್ಲಿ ಅಮೆರಿಕದ ತರಬೇತುದಾರ ಬಿಲ್ ಬೋವರ್‌ಮನ್, ಮನೆಯಲ್ಲಿ ವಾಫಲ್ ತಿಂಡಿ ಬೇಯಿಸುವ ಕಾವಲಿಯನ್ನೇ ಅಚ್ಚು ಮಾಡಿ ಹಗುರವಾದ, ಜಾರದ ಅಟ್ಟೆಯನ್ನು ಯೋಚಿಸಿದನು.

ಆದರೆ ಇಥಿಯೋಪಿಯದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸಿನಲ್ಲಿ, ಕೊಟ್ಟ ಬೂಟು ಕಾಲಿಗೆ ಹೊಂದದೆ, 42 ಕಿಲೋಮೀಟರಿಗೂ ಮಿಕ್ಕ ಮ್ಯಾರಥಾನನ್ನು ಬರಿಗಾಲಲ್ಲೇ ಓಡಿ ಗೆದ್ದನು. 1964ರಲ್ಲಿ ಟೋಕಿಯೋದಲ್ಲಿ ಬೂಟು ತೊಟ್ಟೂ ಗೆದ್ದನು! ಹೊಂದದ ಬೂಟಿಗಿಂತ ಬರಿಗಾಲು ಮೇಲೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದ್ದರಿಂದ ಮಕ್ಕಳು ಹೆಸರಾಂತ ಕಂಪೆನಿಯ ಬೂಟನ್ನೇ ಬೇಡಿದರೂ ಮೊದಲು ಪಾದ ನೋಡಿರಿ. ಪಾದ ತುಸು ಉಬ್ಬಿರುವ ಸಂಜೆ ಹೊತ್ತು, ಕಾಲುಚೀಲ ಹಾಕಿಸಿ, ಬೆರಳುಗಳ ಮುಂದೆ ಹೆಬ್ಬೆರಳಗಲ ಜಾಗವಿದೆಯೇ ಎಂದು ಪರೀಕ್ಷಿಸಿರಿ. ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆಸಿರಿ. ಸಂಬಳದ ಹಣಕ್ಕೆ ಅದೇ ಸಾರ್ಥಕ.