ಐವತ್ತನೇ ಒಂದು ಪಾಲು

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಪ್ಪ ಟೊಮೆಟೊಗೆ ಔಷಧಿ ಹೊಡೆಯೋಕೆ ತಯಾರಿ ಮಾಡ್ಕೊಳ್ತಿದ್ರು. ನಮ್ಮ ಕಡೆ ಕೀಟನಾಶಕಕ್ಕೆ ಇರೋ ಹೆಸರೇ ಅದು, ಔಷಧಿ. ಡ್ರಮ್ಮಿನ ನೀರಿಗೆ ಒಂದು ಬಾಟಲಿಯಿಂದ ಎರಡು ಮುಚ್ಚಳ, ಇನ್ನೊಂದರಿಂದ ಒಂದು, ಜೊತೆಗೆ ಎಲೆಗೆ ಅಂಟ್ಕೊಳ್ಳಲಿ ಅಂತ ಮೂರನೆಯದು. ನೀರು ಹಾಲಿನ ಹಾಗೆ ಬೆಳ್ಳಗಾಯ್ತು. "ಎಲ್ಲಾ ಒಟ್ಟಿಗೆ ಯಾಕಪ್ಪಾ?" ಅಂದೆ. "ಮೂರು ಸಲ ಹೊಡೆದ್ರೆ ಮೂರು ಸಲ ಕೂಲಿ ಕಣೋ. ಬಾಟಲಿ ಮೇಲೆ ಬರೆದಷ್ಟೇ ಹಾಕಿದ್ದೀನಿ" ಅಂದ್ರು.

ಬರೆದಷ್ಟು ಹಾಕಿದರೆ ಸಾಕೇ? ಈ ಪ್ರಶ್ನೆಯ ಕಥೆ ಶುರುವಾಗೋದು 1890ರ ದಶಕದ ಜ್ಯೂರಿಕ್‌ನಲ್ಲಿ.

ಅಲ್ಲಿ ಚಾರ್ಲ್ಸ್ ಅರ್ನೆಸ್ಟ್ ಓವರ್ಟನ್ ಎಂಬ ವಿಜ್ಞಾನಿ ಗಿಡದ ಬೇರಿನ ಕೂದಲಿನಂಥ ಜೀವಕೋಶಗಳನ್ನು ಇಟ್ಟುಕೊಂಡು, ಯಾವ ವಸ್ತು ಒಳಗೆ ಹೋಗುತ್ತೆ, ಯಾವುದು ಹೋಗಲ್ಲ ಅಂತ ನೂರಾರು ರಾಸಾಯನಿಕಗಳನ್ನು ಪರೀಕ್ಷೆ ಮಾಡಿದ. ಎಣ್ಣೆಯಲ್ಲಿ ಚೆನ್ನಾಗಿ ಕರಗುವ ವಸ್ತು ಕೋಶದೊಳಕ್ಕೆ ಬೇಗ ನುಗ್ಗುತ್ತಿತ್ತು. ಹಾಗಾದರೆ ಕೋಶದ ಬೇಲಿ ಕೊಬ್ಬಿನಂಥದ್ದೇ ಇರಬೇಕು ಅಂದುಕೊಂಡ. ಆಗ ಆ ಪೊರೆಯನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ.

ಮುಂದೆ ಆತ ಗೊದಮೊಟ್ಟೆ ಮರಿಗಳ ಮೇಲೂ ಪ್ರಯೋಗ ಮಾಡಿದ. ಅವುಗಳ ನೀರಿಗೆ ಈಥರ್‌ನಂಥ ವಸ್ತು ಬೆರೆಸಿದರೆ ಈಜೋದು ನಿಲ್ಲುತ್ತಿತ್ತು. ಶುದ್ಧ ನೀರಿಗೆ ಬಿಟ್ಟರೆ ಮತ್ತೆ ಈಜುತ್ತಿದ್ದವು. ಅದೇ ಹೊತ್ತಿಗೆ ಜರ್ಮನಿಯಲ್ಲಿ ಹ್ಯಾನ್ಸ್ ಮೇಯರ್ ಕೂಡ ಬೇರೆ ದಾರಿಯಿಂದ ಅದೇ ತೀರ್ಮಾನಕ್ಕೆ ಬಂದು 1899ರಲ್ಲಿ ಪ್ರಕಟಿಸಿದ: ಆಲಿವ್ ಎಣ್ಣೆಯಲ್ಲಿ ಎಷ್ಟು ಹೆಚ್ಚು ಕರಗುತ್ತೋ, ಮಂಪರು ತರಿಸುವ ಶಕ್ತಿ ಅಷ್ಟು ಹೆಚ್ಚು. 1925ರಲ್ಲಿ ಲೈಡನ್‌ನ ಗೋರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಕೊಬ್ಬನ್ನು ತೆಗೆದು ನೀರಿನ ಮೇಲೆ ಹರಡಿ ಅಳೆದರು. ಕಣಗಳ ಮೈಯ ಎರಡರಷ್ಟು ವಿಸ್ತೀರ್ಣ ಬಂತು. ಪೊರೆ ಎರಡು ಪದರ ಅಂತ ತೀರ್ಮಾನಿಸಿದರು. ಆಮೇಲೆ ನೋಡಿದರೆ ಅವರ ಲೆಕ್ಕದಲ್ಲಿ ಎರಡು ತಪ್ಪಿದ್ದವು, ಒಂದಕ್ಕೊಂದು ವಜಾ ಆಗಿ ಉತ್ತರ ಮಾತ್ರ ಸರಿ ಬಂದಿತ್ತು!

ಈಗ ಅಪ್ಪನ ಡ್ರಮ್ಮಿಗೆ ಹತ್ತಿರ ಬರೋಣ. 1981ರಲ್ಲಿ ನೆದರ್ಲ್ಯಾಂಡ್ಸ್‌ನ ಕೋನೆಮನ್ 50 ಕೈಗಾರಿಕಾ ರಾಸಾಯನಿಕಗಳನ್ನು ಗಪ್ಪಿ ಮೀನುಗಳ ನೀರಿಗೆ ಒಟ್ಟಿಗೆ ಬೆರೆಸಿದ. ಸೊಳ್ಳೆ ಮರಿ ತಿನ್ನಲಿ ಅಂತ ನಮ್ಮಲ್ಲಿ ತೊಟ್ಟಿಗೆ ಬಿಡ್ತಾರಲ್ಲ, ಅದೇ ಗಪ್ಪಿ. ಅರ್ಧದಷ್ಟು ಮೀನು ಸಾಯೋಕೆ ಒಂದು ರಾಸಾಯನಿಕ ಒಂಟಿಯಾಗಿ ಎಷ್ಟು ಬೇಕೋ, ಅದರ ಸುಮಾರು ಐವತ್ತನೇ ಒಂದು ಪಾಲು ಪ್ರತಿಯೊಂದರಿಂದಲೂ ಸೇರಿದಾಗ, ಅರ್ಧದಷ್ಟು ಮೀನು ಸತ್ತವು. ಒಂಟಿಯಾಗಿ ಪರೀಕ್ಷಿಸಿದ್ದರೆ ಪ್ರತಿಯೊಂದೂ ಪಾಸ್ ಆಗಬಹುದಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಯೂನಿಟ್ ಟೆಸ್ಟ್ ಎಲ್ಲಾ ಹಸಿರು, ಇಂಟಿಗ್ರೇಶನ್ ಟೆಸ್ಟ್ ಫೇಲ್. ಕಾರಣ ಇಷ್ಟೇ: ಆ ವಸ್ತುಗಳೆಲ್ಲ ಹೋಗಿ ಸೇರಿಕೊಳ್ಳೋದು ಪೊರೆಯ ಕೊಬ್ಬಿನಲ್ಲೇ. ಯಾವ ಕಂಪನಿಯ ಅಣು ಅಂತ ಪೊರೆ ಕೇಳಲ್ಲ, ಒಟ್ಟು ಎಷ್ಟು ತುಂಬಿದೆ ಅನ್ನೋದಷ್ಟೇ ಅದಕ್ಕೆ ಲೆಕ್ಕ.

ಕೀಟನಾಶಕಗಳ ಮುಖ್ಯ ಏಟು ಬೇರೆ ಕಡೆ, ಹೆಚ್ಚಿನವು ನರಕ್ಕೆ ಹೊಡೀತವೆ. ಆದರೆ ಬಾಟಲಿಯ ಮೇಲೆ 25 ಇ.ಸಿ. ಅಂತಿದ್ದರೆ ವಿಷ ಶೇ. 25 ಮಾತ್ರ. ಉಳಿದದ್ದು ಅದನ್ನು ಕರಗಿಸೋ ದ್ರಾವಕ, ನೀರಿನಲ್ಲಿ ಬೆರೆಸೋ ಸೋಪಿನಂಥ ವಸ್ತು. ಆ ಹಾಲಿನ ಬಣ್ಣ ಅದರದ್ದೇ. ಸೋಪಿನ ಅಣುವಿನ ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಕೊಬ್ಬು. ಹಾಗಾಗಿ ಅದು ಪೊರೆಯ ನಡುವೆ ತೂರಿಕೊಂಡು ಸಡಿಲ ಮಾಡಬಲ್ಲದು, ಬೇರೆಯವಕ್ಕೆ ದಾರಿ ಸಲೀಸು ಮಾಡಿಕೊಡಬಲ್ಲದು. 2015ರ ಮೇನಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಬಿದ್ದಾಗ ನಾವೆಲ್ಲ ಫೋಟೋ ಶೇರ್ ಮಾಡಿದ್ವಿ. ನೊರೆ ಕಣ್ಣಿಗೆ ಕಂಡಿತ್ತು. ಅದರ ಕೆಳಗಿನ ನೀರಿನಲ್ಲಿ ಏನೇನು ಬೆರೆತಿದೆ ಅಂತ ಫೋಟೋದಲ್ಲಿ ಕಾಣಲ್ಲ.

ಕಾನೂನು ಬಹುಪಾಲು ಇನ್ನೂ ಒಂದೊಂದೇ ರಾಸಾಯನಿಕಕ್ಕೆ ಮಿತಿ ಹಾಕುತ್ತೆ. ಕುಡಿಯುವ ನೀರಿನ ಕೀಟನಾಶಕಕ್ಕೆ ಮಾತ್ರ 1980ರಲ್ಲೇ ಯುರೋಪು ಒಟ್ಟು ಮಿತಿಯನ್ನೂ ಇಟ್ಟಿತು: ಲೀಟರಿಗೆ ಒಂದೊಂದು 0.1 ಮೈಕ್ರೊಗ್ರಾಂ, ಎಲ್ಲಾ ಸೇರಿ 0.5. ನಮ್ಮ ಬಾಟಲಿ ನೀರಿಗೂ ಈಗ ಇದೇ ಲೆಕ್ಕ. ಆಫೀಸಿನಲ್ಲಿ ನಾನು ಕುಡಿಯೋ ನೀರಿಗೆ ಒಟ್ಟು ಲೆಕ್ಕ ಇದೆ, ಅಪ್ಪನ ಡ್ರಮ್ಮಿಗೆ ಇಲ್ಲ.

ಇದನ್ನೆಲ್ಲ ಹೇಳಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡ್ರು. "ಹಂಗಾದ್ರೆ ಮೂರು ಸಲದ ಕೂಲಿ ನೀನು ಕೊಡ್ತೀಯಾ?" ಅಂದ್ರು. ಕೊಡ್ತೀನಿ ಅಂದೆ. ಈಗ ತಿಂಗಳು ತಿಂಗಳು ಕಳಿಸ್ತಿದ್ದೀನಿ.