ರೇಷ್ಮೆ ಬಟ್ಟೆಯಲ್ಲಿ ಉಳಿದ ಸಮುದ್ರದ ಲೆಕ್ಕ

ಕಡತ ಅಂದ್ರೆ ಈಗ ನಮಗೆ ನೆನಪಾಗೋದು ತಾಲ್ಲೂಕು ಕಚೇರಿಯ ಫೈಲು. ಮೊದಲು ಅದು ಬಟ್ಟೆಯ ಪುಸ್ತಕವಾಗಿತ್ತು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಬಳಪದಲ್ಲಿ ಲೆಕ್ಕ ಬರೆದು ಮಡಚಿಡುತ್ತಿದ್ದರು. ಬರೆದವರಿಗೆ ಬೇಕಿದ್ದದ್ದು ಬರೀ ಜಮಾ-ಖರ್ಚು. ಇವತ್ತಿನ ಇತಿಹಾಸಕಾರರು ಅದರಲ್ಲಿ ಆ ಕಾಲವನ್ನೇ ಓದುತ್ತಾರೆ.

ಸಮುದ್ರದಲ್ಲಿ ಮೈಕ್ರೋಪ್ಲಾಸ್ಟಿಕ್ ಹೇಗೆ ಹೆಚ್ಚಿತು ಅನ್ನೋ ಇತಿಹಾಸ ಸಿಕ್ಕಿದ್ದೂ ಇಂಥದ್ದೇ ಒಂದು ಬಟ್ಟೆಯ ಲೆಕ್ಕದಿಂದ.

ಬ್ರಿಟನ್ನಿನ ಅಲಿಸ್ಟರ್ ಹಾರ್ಡಿ ಸಮುದ್ರಜೀವಿಗಳ ವಿಜ್ಞಾನಿ. ಹೆರಿಂಗ್ ಮೀನು ಎಲ್ಲಿ ಸಿಗುತ್ತೆ ಅಂತ ತಿಳೀಬೇಕಾದ್ರೆ ಮೊದಲು ಅದರ ಆಹಾರವಾದ ಪ್ಲ್ಯಾಂಕ್ಟನ್ ಎಲ್ಲಿದೆ ಅಂತ ತಿಳೀಬೇಕು ಅನ್ನೋದು ಅವರ ಲೆಕ್ಕಾಚಾರ. ಅದಕ್ಕೊಂದು ಯಂತ್ರ ಮಾಡಿದರು. ಸರಕು ಹಡಗಿನ ಹಿಂದೆ ಕಟ್ಟಿ ಎಳೆದರೆ ಸಾಕು, ನೀರಿನ ರಭಸಕ್ಕೆ ಅದರ ಪಂಖ ತಿರುಗಿ ಒಳಗಿನ ರೇಷ್ಮೆ ಪಟ್ಟಿ ನಿಧಾನಕ್ಕೆ ಸುತ್ತಿಕೊಳ್ಳುತ್ತೆ. ನೀರಿನಲ್ಲಿದ್ದ ಸಣ್ಣ ಜೀವಿಗಳು ರೇಷ್ಮೆಗೆ ಅಂಟಿ, ಫಾರ್ಮಲಿನ್‌ನಲ್ಲಿ ಕೆಡದೆ ಉಳಿಯುತ್ತವೆ. 1931ರಿಂದ ಹಡಗುಗಳು ಇದನ್ನು ಎಳೆಯುತ್ತಲೇ ಇವೆ. ಪರೀಕ್ಷೆ ಮುಗಿದ ಮೇಲೂ ರೇಷ್ಮೆ ತುಂಡುಗಳನ್ನು ಎಸೆಯದೆ ಜೋಡಿಸಿಟ್ಟರು.

ಈ ನಡುವೆ 1972ರಲ್ಲಿ ಅಮೆರಿಕದ ಎಡ್ವರ್ಡ್ ಕಾರ್ಪೆಂಟರ್ ಮತ್ತು ಕೆ.ಎಲ್. ಸ್ಮಿತ್ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅಟ್ಲಾಂಟಿಕ್‌ನ ಸರ್ಗಾಸೋ ಸಮುದ್ರದಲ್ಲಿ ತೇಲುವ ಪಾಚಿ ಹಿಡಿಯಲು ಬಲೆ ಹಾಕಿದ್ರೆ ಪ್ಲಾಸ್ಟಿಕ್ ಚೂರುಗಳು ಬಂದಿದ್ದವು. ಒಂದು ಚದರ ಕಿಲೋಮೀಟರಿಗೆ ಸರಾಸರಿ 3,500. ತಯಾರಿಕೆ ಹೆಚ್ಚಿದಂತೆ ಇದೂ ಹೆಚ್ಚುತ್ತದೆ ಅಂತ ಎಚ್ಚರಿಸಿದರು. ಅದೇ ವರ್ಷದ ಇನ್ನೊಂದು ಲೇಖನದಲ್ಲಿ, ಕರಾವಳಿಯಲ್ಲಿ ಪರೀಕ್ಷಿಸಿದ 14 ಜಾತಿಯ ಮೀನುಗಳಲ್ಲಿ 8ರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಗುಂಡುಗಳಿದ್ದವು ಅನ್ನೋ ವರದಿ ಬಂತು. ದೊಡ್ಡ ಗದ್ದಲವೇನೂ ಆಗಲಿಲ್ಲ.

ಆದರೆ ಒಂದು ಸಲ ಎಣಿಸಿದ್ರೆ ಎಷ್ಟಿದೆ ಅಂತ ಗೊತ್ತಾಗುತ್ತೆ, ಹೆಚ್ಚಾಗ್ತಿದೆಯಾ ಅಂತ ಗೊತ್ತಾಗಲ್ಲ. ಅದಕ್ಕೆ ಹಳೇ ಲೆಕ್ಕ ಬೇಕು. ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಂಪ್ಸನ್ ಮತ್ತು ಜೊತೆಗಾರರಿಗೆ ಅದು ಅದೇ ಊರಲ್ಲಿ ಸಿಕ್ಕಿತು, ಹಾರ್ಡಿ ಯಂತ್ರದ ರೇಷ್ಮೆಯ ರೂಪದಲ್ಲಿ. ಸ್ಕಾಟ್ಲೆಂಡಿನಿಂದ ಉತ್ತರಕ್ಕೆ ಹೋಗುವ ಎರಡು ಹಡಗು ದಾರಿಗಳ 1960ರ ದಶಕದಿಂದ ಈಚಿನ ಪಟ್ಟಿಗಳನ್ನು ತೆಗೆದು ನೋಡಿದರು. ಪ್ಲ್ಯಾಂಕ್ಟನ್ ಪಕ್ಕದಲ್ಲೇ ಪ್ಲಾಸ್ಟಿಕ್ ಎಳೆಗಳಿದ್ದವು. 60-70ರ ದಶಕಗಳಿಗಿಂತ 80-90ರ ದಶಕಗಳಲ್ಲಿ ಸ್ಪಷ್ಟವಾಗಿ ಜಾಸ್ತಿ. 2004ರ ಆ ಲೇಖನದಿಂದಲೇ ‘ಮೈಕ್ರೋಪ್ಲಾಸ್ಟಿಕ್’ ಅನ್ನೋ ಹೆಸರು ಬಳಕೆಗೆ ಬಂದಿದ್ದು. 2019ರಲ್ಲಿ ಇನ್ನೊಂದು ತಂಡ ಯಂತ್ರಕ್ಕೆ ಏನೇನು ಸಿಕ್ಕಿಹಾಕಿಕೊಂಡಿತ್ತು ಅನ್ನೋ ಹಳೇ ಟಿಪ್ಪಣಿಗಳನ್ನು ಓದಿತು. 1957ರಲ್ಲಿ ಮೀನುಬಲೆಯ ಪ್ಲಾಸ್ಟಿಕ್ ಹುರಿ, 1965ರಲ್ಲಿ ಐರ್ಲೆಂಡ್ ಹತ್ತಿರ ಒಂದು ಪ್ಲಾಸ್ಟಿಕ್ ಚೀಲ!

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇಂಥ ದಾಖಲೆಗೆ ಲಾಗ್ ಅಂತೀವಿ. ಏನೂ ಕೆಡದಿದ್ದಾಗ ಅದನ್ನು ಯಾರೂ ಓದಲ್ಲ, ಜಾಗ ದಂಡ ಅಂತ ಅಳಿಸೋಕೆ ಎಲ್ಲರೂ ಮುಂದೆ ಬರ್ತಾರೆ. ಈ ರೇಷ್ಮೆಗೂ ಆ ಗತಿ ಬರೋದಿತ್ತು. 1980ರ ದಶಕದ ಕೊನೆಗೆ ಹಣವಿಲ್ಲದೆ ಸಮೀಕ್ಷೆಯೇ ನಿಲ್ಲುವ ಹಂತಕ್ಕೆ ಬಂದು, ಹಾರ್ಡಿ ಹೆಸರಿನ ಪ್ರತಿಷ್ಠಾನವೊಂದು ಹುಟ್ಟಿ ಅದನ್ನು ಉಳಿಸಿಕೊಂಡಿತು.

ಈಗ ಲೆಕ್ಕ ನಮ್ಮ ಮೈಯೊಳಗೇ ಬಂದಿದೆ. 2022ರಲ್ಲಿ ನೆದರ್ಲೆಂಡ್ಸ್‌ನಲ್ಲಿ 22 ಜನರ ರಕ್ತ ಪರೀಕ್ಷಿಸಿದಾಗ 17 ಜನರಲ್ಲಿ ಪ್ಲಾಸ್ಟಿಕ್ ಸಿಕ್ಕಿತು. 2024ರಲ್ಲಿ ಇಟಲಿಯ ವೈದ್ಯರು 257 ರೋಗಿಗಳ ಕತ್ತಿನ ರಕ್ತನಾಳದಿಂದ ತೆಗೆದ ಕೊಬ್ಬಿನ ಗಡ್ಡೆಗಳನ್ನು ನೋಡಿದರು. 150 ಜನರದ್ದರಲ್ಲಿ ಪಾಲಿಥಿನ್ ಇತ್ತು. ಗಡ್ಡೆಯಲ್ಲಿ ಪ್ಲಾಸ್ಟಿಕ್ ಇದ್ದವರಿಗೆ ಮುಂದಿನ ಮೂರು ವರ್ಷದೊಳಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಸುಮಾರು ನಾಲ್ಕೂವರೆ ಪಟ್ಟು. ಹಾಗಂತ ಪ್ಲಾಸ್ಟಿಕ್ಕೇ ಕಾರಣ ಅಂತ ಇದರಿಂದ ಸಾಬೀತಾಗಲ್ಲ. ಜೊತೆಗಿರೋದು ಬೇರೆ, ಕಾರಣವಾಗೋದು ಬೇರೆ. ಅದನ್ನು ಬಿಡಿಸಿ ಹೇಳೋಕೆ ವರ್ಷಗಟ್ಟಲೆ ಬರೆದಿಟ್ಟ ಲೆಕ್ಕ ಬೇಕು.

ಕಾಲವೇನೂ ಕಾಯ್ತಾ ಇಲ್ಲ. 1950ರಲ್ಲಿ ಜಗತ್ತಿನಲ್ಲಿ ತಯಾರಾದ ಪ್ಲಾಸ್ಟಿಕ್ ಸುಮಾರು 20 ಲಕ್ಷ ಟನ್. 2019ರ ಹೊತ್ತಿಗೆ ಅದು 46 ಕೋಟಿ ಟನ್.

ಪ್ಲಾಸ್ಟಿಕ್ ಕಡಿಮೆ ಮಾಡಿ ಅನ್ನೋ ಉಪದೇಶ ಎಲ್ಲರೂ ಕೇಳಿದ್ದೀರಿ, ಅದು ಸರಿಯೇ. ಅದಕ್ಕೆ ನಾನೊಂದು ಮಾತು ಸೇರಿಸ್ತೀನಿ. ನಮ್ಮ ಕೆರೆ, ಹೊಳೆ, ಕಡಲಿನ ನೀರನ್ನೂ ವರ್ಷ ವರ್ಷ ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ ಸೋಸಿ, ತಾರೀಖು ಬರೆದು ಎತ್ತಿಡಬೇಕು. ಮುಂದಿನವರು ಅದರಲ್ಲಿ ಏನು ಹುಡುಕ್ತಾರೆ ಅಂತ ನಮಗೆ ಗೊತ್ತಿರಬೇಕಾಗಿಲ್ಲ. ಹಾರ್ಡಿಯವರಿಗೂ ಗೊತ್ತಿರಲಿಲ್ಲ.